ಹಾರ್ಬೆತ್ ಕಾಂಪ್ಯಾಕ್ಟ್ 7 ಎಕ್ಸ್‌ಡಿ: ಕಂಠಕ್ಕೆ ಹತ್ತಕ್ಕೆ ಒಂಬತ್ತು, ಚೆಂಡೆಗೆ ಆರು

ಮೊದಲೇ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿ ಜಾಸ್ತಿ ಕೇಳುವುದು ಹಾಡುಗಾರಿಕೆಯೇ ಆದರೆ, ಅದರಲ್ಲೂ ಹಿಂದೂಸ್ತಾನಿ ಅಥವಾ ಕರ್ನಾಟಕ ಸಂಗೀತವಾದರೆ, ಈ ಸ್ಪೀಕರ್ ಜೋಡಿಯನ್ನು ಒಮ್ಮೆ ಕೇಳದೆ ಬೇರೆಯದಕ್ಕೆ ದುಡ್ಡು ಕೊಡಬೇಡಿ. ಹೊಸ ಸಿನಿಮಾ ಹಾಡು, ಡ್ಯಾನ್ಸ್ ಬೀಟು, ಹೋಂ ಥಿಯೇಟರ್ ಮುಖ್ಯ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನಿಮಗೆ ಬೇಕಾದದ್ದು ಇದಕ್ಕಿಂತ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ತಂದು ಎರಡು ವರ್ಷ ದಾಟಿತು. ಹೊಸದರ ಅಮಲು ಇಳಿದಿದೆ, ಕಂತೂ ಮುಗಿದಿದೆ. ಇನ್ನು ಬರೆಯಲು ಅಡ್ಡಿಯಿಲ್ಲ.

ಹಾರ್ಬೆತ್ ಇಂಗ್ಲೆಂಡಿನ ಸಸೆಕ್ಸ್‌ನ ಸಣ್ಣ ಕಂಪನಿ. ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದ ಡಡ್ಲಿ ಹಾರ್ವುಡ್ ನಿವೃತ್ತರಾದ ಮೇಲೆ 1977ರಲ್ಲಿ ಶುರು ಮಾಡಿದ್ದು. ತಮ್ಮ ಹೆಸರಿನ ತುಂಡಿಗೆ ಹೆಂಡತಿ ಎಲಿಜಬೆತ್ ಹೆಸರಿನ ತುಂಡು ಸೇರಿಸಿ ಕಂಪನಿಗೆ ಹೆಸರಿಟ್ಟರು. ಇದನ್ನು ನನ್ನ ಹೆಂಡತಿಗೆ ಹೇಳಿದೆ. "ಹೆಸರಲ್ಲಿ ಅರ್ಧ ಕೊಟ್ಟರು ಸರಿ ರೀ, ಹಾಲ್‌ನಲ್ಲೂ ಅರ್ಧ ಬಿಟ್ಟುಕೊಟ್ಟಿದ್ದರಾ?" ಅಂದಳು. ಅವಳ ಮಾತು ಸುಳ್ಳಲ್ಲ. ಒಂದೊಂದು ಪೆಟ್ಟಿಗೆ 52 ಸೆಂ.ಮೀ. ಎತ್ತರ, 27 ಅಗಲ, 30 ಆಳ, ಹದಿಮೂರು ಕೆಜಿ ತೂಕ. ಇಂಥದ್ದನ್ನು ಅಂಗಡಿಯವರು ಬುಕ್‌ಶೆಲ್ಫ್ ಸ್ಪೀಕರ್ ಅನ್ನುತ್ತಾರೆ. ಯಾರ ಮನೆಯ ಶೆಲ್ಫೋ ದೇವರಿಗೇ ಗೊತ್ತು. ಸ್ಟ್ಯಾಂಡ್ ಬೇಕೇ ಬೇಕು, ಸುತ್ತ ಜಾಗವೂ ಬೇಕು.

ಪೆಟ್ಟಿಗೆಯ ಪಕ್ಕಕ್ಕೆ ಬೆರಳ ಗಣ್ಣಿನಿಂದ ತಟ್ಟಿ ನೋಡಿ. ದುಬಾರಿ ಸ್ಪೀಕರ್ ಅಂದರೆ ಬಂಡೆಯ ಹಾಗೆ ಗಟ್ಟಿ ಇರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಇದು 'ಡುಬ್' ಅನ್ನುತ್ತದೆ. ಅಂಗಡಿಯಲ್ಲಿ ನನಗೂ ಇದೇನು ಟೊಳ್ಳು ಅನ್ನಿಸಿತ್ತು. ಆದರೆ ಇದು ಬೇಕೆಂದೇ ಮಾಡಿದ್ದು, ಬಿಬಿಸಿಯಲ್ಲಿ ಹಾರ್ವುಡ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ಕಂಡುಕೊಂಡ ದಾರಿ. ದಪ್ಪ ಹಲಗೆಯೂ ಅದುರುತ್ತದೆ. ಗಟ್ಟಿ ಇದ್ದಷ್ಟೂ ಆ ಅದುರು ಮೇಲಿನ ಸ್ಥಾಯಿಗೆ ಹೋಗುತ್ತದೆ, ಅಂದರೆ ಮನುಷ್ಯನ ದನಿಯ ಜಾಗಕ್ಕೆ ಬಂದು ಕೂರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲೇ. ಹಲಗೆ ತೆಳುವಾಗಿಟ್ಟು, ಒಳಗೆ ಅದುರು ಹೀರುವ ಪದರ ಅಂಟಿಸಿದರೆ ಅದು ಕೆಳಗಿಳಿಯುತ್ತದೆ, ಬೇಗ ಸಾಯುತ್ತದೆ. ದನಿ ಮಾತ್ರ ಚೊಕ್ಕ ಉಳಿಯುತ್ತದೆ.

ಪೆಟ್ಟಿಗೆ ಅದುರುವುದು ನಿಜವೇ ಅನ್ನುವುದಕ್ಕೆ ಸಾಕ್ಷಿ ಮನೆಯಲ್ಲೇ ಸಿಕ್ಕಿತು. ಬಂದ ಹೊಸತರಲ್ಲಿ ಎಡಗಡೆಯ ಸ್ಪೀಕರ್ ಮೇಲೆ ಚನ್ನಪಟ್ಟಣದ ಬೊಂಬೆಯೊಂದು ಬಂದು ಕೂತಿತು. ಯಾರು ಇಟ್ಟರು ಅಂತ ಹೇಳಬೇಕಾಗಿಲ್ಲ. ನಿಧಾನದ ವಿಲಂಬಿತ್ ಮುಗಿದು ವೇಗದ ದ್ರುತ್ ಬರುವಷ್ಟರಲ್ಲಿ ಅದು ತಾನಾಗೇ ತಿರುಗಿ ಗೋಡೆ ಕಡೆ ಮುಖ ಮಾಡಿತ್ತು. ಬೊಂಬೆ ಈಗ ಟಿವಿ ಪಕ್ಕದಲ್ಲಿದೆ.

ಇನ್ನು ನಾದದ ಮಾತು. ಹೊಸ ಸ್ಪೀಕರ್ ಕೇಳಲು ಹೋದಾಗ ಅಂಗಡಿಯವರು ಇಂಗ್ಲಿಷ್ ಜಾಝ್ ಹಾಕುತ್ತಾರೆ, ಯಾವುದೋ ಹೆಣ್ಣುದನಿ, ಒಂದು ಡಬಲ್ ಬೇಸ್. ಚೆನ್ನಾಗಿಯೇ ಕೇಳುತ್ತದೆ. ಆದರೆ ಆ ಗಾಯಕಿಯನ್ನು ನಾನು ಎದುರು ಕೂತು ಕೇಳಿಲ್ಲ. ಅವಳ ದನಿ ಹೀಗೇ ಇರುತ್ತದೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ನಾನು ತಂಬೂರಿ ಹಾಕಿಸಿದೆ. ಬರೀ ತಂಬೂರಿ, ಐದು ನಿಮಿಷ. ಅಂಗಡಿಯ ಹುಡುಗ ಇದ್ಯಾವ ಗಿರಾಕಿ ಅಂತ ನೋಡಿದ.

ತಂಬೂರಿಗಿಂತ ಕಠಿಣ ಪರೀಕ್ಷೆ ಇಲ್ಲ. ಲೆಕ್ಕ ನೋಡಿ. ಗಾಯಕರು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದಾರೆ ಅನ್ನೋಣ. ಅವರ ಷಡ್ಜ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ 139 ಕಂಪನ. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಅದರ ಅರ್ಧ, ಸುಮಾರು 69. ಚಿಕ್ಕ ಸ್ಪೀಕರುಗಳು ಹಲವು 75, 80ರ ಹತ್ತಿರ ಕೈಬಿಡಲು ಶುರು ಮಾಡುತ್ತವೆ. ಆದರೂ ನಮಗೆ ಖರ್ಜ ಕೇಳಿದಂತೆ ಆಗುತ್ತದೆ. ಮೇಲಿನ ಸ್ವರಾಂಶಗಳು ಇರುವುದರಿಂದ ಬುಡವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಕಾಂಪ್ಯಾಕ್ಟ್ 7 ಕಾಗದದ ಮೇಲೆ ಸುಮಾರು 45 ಹರ್ಟ್ಸ್‌ವರೆಗೆ ಇಳಿಯುತ್ತದೆ. ಖರ್ಜ ಇಲ್ಲಿ ತುಂಬಿಕೊಂಡದ್ದಲ್ಲ, ಇದ್ದದ್ದೇ. ಮೀಟಿದ ಕೂಡಲೇ ಕೆಳಗೆ ಒಂದು ಹಾಸು ಹಾಸಿದಂತೆ ಬಂದು, ಅದರ ಮೇಲೆ ಜವಾರಿಯ, ಅಂದರೆ ತಂತಿ ಕುದುರೆಗೆ ಸವರಿ ಏಳುವ, ಝೇಂಕಾರ ಬಿಚ್ಚುತ್ತಾ ಹೋಗುತ್ತದೆ. ಮತ್ತೆ ಮೀಟುವುದರೊಳಗೆ, ಯಾರೂ ನುಡಿಸದ ಗಾಂಧಾರ ತಾನೇ ಎದ್ದು ಬರುತ್ತದೆ. ಸಂಗೀತದವರು ಸ್ವಯಂಭೂ ಗಾಂಧಾರ ಅನ್ನುತ್ತಾರಲ್ಲ, ಖರ್ಜದ ಐದು ಪಟ್ಟು, ಸುಮಾರು 346 ಹರ್ಟ್ಸ್, ಅದೇ. ಹಳೆಯ ಸ್ಪೀಕರಿನಲ್ಲಿ ನಿಜವಾದ ತಂಬೂರಿಗೂ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ವ್ಯತ್ಯಾಸ ಹೇಳಲು ನಾನು ತಡಕಾಡಬೇಕಿತ್ತು. ಈಗ ಎರಡು ಸಲ ಮೀಟುವುದರೊಳಗೆ ಗೊತ್ತಾಗುತ್ತದೆ. ಇದರಿಂದ ಕೆಲವು ಇತ್ತೀಚಿನ ಕಛೇರಿಗಳ ಮೇಲಿನ ಪ್ರೀತಿ ಸ್ವಲ್ಪ ಕಡಿಮೆಯೂ ಆಗಿದೆ, ಅದು ಬೇರೆ ಮಾತು.

ಕಂಠದ ವಿಷಯಕ್ಕೆ ಬಂದರೆ, ಗಂಗೂಬಾಯಿ ಹಾನಗಲ್ ಅವರ ದನಿ ಒಂದೇ ಸಾಕು. ಆ ಗಡಸು, ಆ ತೂಕ ಎಷ್ಟೋ ಸ್ಪೀಕರುಗಳಲ್ಲಿ ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಇಲ್ಲಿ ಆ ಗುಡುಗುಡು ಇಲ್ಲ. ದನಿ ದೊಡ್ಡದಾಗಿಯೇ ಇದೆ, ಆದರೆ ಅದರ ಅಂಚು ಬಿಡಿಸಿಟ್ಟ ಹಾಗಿದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೇಡಿಯೋ ಧ್ವನಿಮುದ್ರಿಕೆಗಳಲ್ಲಿ ಒಂದು ತಾನಿಗೂ ಇನ್ನೊಂದಕ್ಕೂ ನಡುವೆ ಅವರು ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿ ಅಂತ ಮೊದಲು ಹುಡುಕುತ್ತಿದ್ದೆ. ಈಗ ಕೇಳಿಸುತ್ತದೆ, ತೀರಾ ಸಣ್ಣಗೆ, ಕದ್ದು ತೆಗೆದುಕೊಂಡ ಹಾಗೆ. ಭೀಮಸೇನ ಜೋಶಿಯವರು ಹಾಡುತ್ತಾ ಮೈಕಿನಿಂದ ಮುಖ ತಿರುಗಿಸಿದರೆ ಅದೂ ಗೊತ್ತಾಗುತ್ತದೆ. ಹಾರ್ವುಡ್ ನಂತರ ಕಂಪನಿ ನಡೆಸಿದ ಅಲನ್ ಶಾ ತಮ್ಮ ಮಗಳ ಮಾತನ್ನು ಧ್ವನಿಮುದ್ರಿಸಿಕೊಂಡು ಅದರಿಂದಲೇ ಸ್ಪೀಕರುಗಳನ್ನು ಹದ ಮಾಡುತ್ತಿದ್ದರಂತೆ. ನಂಬುವುದು ಕಷ್ಟವಲ್ಲ. ಇದರಲ್ಲಿ ವಾರ್ತೆ ಕೇಳಿದರೂ ಸುಖ.

ಬೆಳಗ್ಗೆ ಮನೆಯಲ್ಲಿ ಆಕಾಶವಾಣಿಯ 'ರಾಗಂ' ಹಚ್ಚಿಟ್ಟಿರುತ್ತೇವೆ. 2016ರಲ್ಲಿ ಬೆಂಗಳೂರಿನಿಂದಲೇ ಶುರುವಾದ ಶಾಸ್ತ್ರೀಯ ಸಂಗೀತದ ವಾಹಿನಿ, ಮೊಬೈಲ್ ಆ್ಯಪ್‌ನಲ್ಲಿ ಬರುತ್ತದೆ. ಸಿಡಿಯಷ್ಟು ಸ್ವಚ್ಛ ಇರುವುದಿಲ್ಲ. ಆದರೂ ಈ ಸ್ಪೀಕರಿನ ದೊಡ್ಡ ಗುಣ ಅಲ್ಲೇ ಕಾಣುವುದು. ಧ್ವನಿಮುದ್ರಣ ಕೆಟ್ಟದಿದ್ದರೆ ಇದು ಚಾಡಿ ಹೇಳುವುದಿಲ್ಲ. ಯಕ್ಷಗಾನದ ಕಾಳಿಂಗ ನಾವಡರ ಭಾಗವತಿಕೆಯ ಹಳೆ ಕ್ಯಾಸೆಟ್ ಹಾಕಿದರೆ ಟೇಪಿನ ಸುಯ್ ಶಬ್ದ ಒಂದು ಕಡೆ ಇರುತ್ತದೆ, ನಾವಡರು ಒಂದು ಕಡೆ. ಎರಡೂ ಕಲಸಿಕೊಳ್ಳುವುದಿಲ್ಲ.

ಆದರೆ ಅದೇ ಕ್ಯಾಸೆಟ್ಟಿನಲ್ಲಿ ಚೆಂಡೆ ಏರಿದಾಗ ಮಿತಿ ಗೊತ್ತಾಗುತ್ತದೆ. ಬಯಲಿನಲ್ಲಿ ಕೂತು ಕೇಳಿದ ಚೆಂಡೆ ಎದೆಗೆ ಬಂದು ಬಡಿಯುತ್ತದೆ ಅಲ್ವಾ? ಇಲ್ಲಿ ಬಡಿಯುವುದಿಲ್ಲ. ನಾದ ಸರಿಯಿದೆ, ಪೆಟ್ಟು ಮೆದು. ವಾಲ್ಯೂಮ್ ಏರಿಸಿದರೆ ಒಂದು ಹಂತದವರೆಗೆ ಬರುತ್ತದೆ, ಆಮೇಲೆ ಗದ್ದಲ ಮಾತ್ರ ಏರುತ್ತದೆ. 20 ಸೆಂ.ಮೀ.ನ, ತಗ್ಗು ಸ್ವರ ನುಡಿಸುವ ಒಂದೇ ವೂಫರ್‌ನಿಂದ ಅದಕ್ಕಿಂತ ಜಾಸ್ತಿ ಕೇಳುವುದೂ ನ್ಯಾಯವಲ್ಲ. ಈ ಸ್ಪೀಕರ್ ಹುಟ್ಟಿದ್ದು ಮನೆಯ ಕೋಣೆಯಲ್ಲಿ ಹದವಾದ ದನಿಯಲ್ಲಿ ಕೇಳುವುದಕ್ಕೆ. ಮಗ ತನ್ನ ಹಾಡುಗಳನ್ನು ಹಾಕಿ, "ಅಪ್ಪಾ, ಬೇಸೇ ಇಲ್ವಲ್ಲ ಇದರಲ್ಲಿ" ಅನ್ನುತ್ತಾನೆ. ಅವನ ಹಾಡಿನ ಬೇಸ್ 30, 35 ಹರ್ಟ್ಸ್‌ನಲ್ಲಿರುತ್ತದೆ. ಅದಕ್ಕೆ ಸಬ್‌ವೂಫರ್ ಬೇಕು, ತರುವ ಯೋಚನೆ ನನಗಿಲ್ಲ.

ಈಗ ನಿಜವಾದ ತಲೆನೋವು. ಕೋಣೆ.

ನಮ್ಮ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಕಾಂಕ್ರೀಟ್, ಸುತ್ತ ಬರಿಗೋಡೆ. ಯೂರೋಪಿನವರು ಕಾರ್ಪೆಟ್ ಹಾಸಿದ, ಸೋಫಾ ತುಂಬಿದ ಕೋಣೆಯಲ್ಲಿ ಕೇಳಿ ಬರೆದ ವಿಮರ್ಶೆ ಓದಿ ನಾವು ಕೊಳ್ಳುತ್ತೇವೆ. ನಮ್ಮ ಹಾಲ್ 14 ಅಡಿ ಉದ್ದ, 11 ಅಗಲ, 10 ಎತ್ತರ. ಈ ಅಳತೆಗೆ ಸುಮಾರು 40, 51, 56 ಹರ್ಟ್ಸ್‌ಗಳಲ್ಲಿ ಕೋಣೆಯೇ ಗುಂಯ್‌ಗುಡುತ್ತದೆ. ಉದ್ದದ ದುಪ್ಪಟ್ಟಿನಿಂದ ಶಬ್ದದ ವೇಗವನ್ನು ಭಾಗಿಸಿದರೆ ಈ ಅಂಕಿ ಬರುತ್ತದೆ, ನಿಮ್ಮ ಕೋಣೆಗೂ ಮಾಡಿ ನೋಡಿ. ಒಂದರ ಪಕ್ಕ ಒಂದು ಬಂದರೆ ಕಷ್ಟ ಜಾಸ್ತಿ.

ನನಗೆ ಈ ಲೆಕ್ಕವೆಲ್ಲ ಆಮೇಲೆ ಬಂದದ್ದು. ಮೊದಲು ಹೇಳಿದ್ದು ಧಾರವಾಡದಿಂದ ಬಂದಿದ್ದ ಅಪ್ಪ. ಕಣ್ಣು ಮುಚ್ಚಿ ಅರ್ಧ ಖಯಾಲ್ ಕೇಳಿದರು. ಹೊಗಳುತ್ತಾರೆ ಅಂತ ಕಾದಿದ್ದೆ. "ಡಗ್ಗಾ ಬಾಳ ಗುಂಯ್ ಅನ್ನಾಕತ್ತೈತಿ. ಡಬ್ಬಿ ಗೋಡಿಂದ ಈಚಿ ಸರಸು" ಅಂದರು. ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಈಚೆ ತಂದೆ. ಸೋಫಾವನ್ನೂ ಅದರ ಹಿಂದಿನ ಗೋಡೆಯಿಂದ ಬಿಡಿಸಿದೆ. ಡಗ್ಗಾದ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸುವ ದೊಡ್ಡದರ, ಗುಂಯ್ ಹೋಗಿ ಅದರ ಮೀಂಡು, ಜಾರುವ ನಾದ, ಕೇಳತೊಡಗಿತು. ಓಡಾಡುವ ಜಾಗ ಅಷ್ಟು ಕಡಿಮೆಯಾಯಿತು.

ಉಳಿದದ್ದು ಟೈಲ್ಸಿನ ಚುರುಚುರು. ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆ. ನೋಡಲು ಚೆಂದ, ಚಪ್ಪಾಳೆ ತಟ್ಟಿದಾಗಿನ ಚಟಪಟ ಸ್ವಲ್ಪ ಇಳಿಯಿತು. ತೆಳು ಹಾಸು ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ದೊಡ್ಡ ಬದಲಾವಣೆ ತಂದದ್ದು ಕೌದಿ. ಅಜ್ಜಿ ಹೊಲಿದ ದಪ್ಪನೆಯ ಕೌದಿಯೊಂದು ಅಟ್ಟದಲ್ಲಿತ್ತು. ಕೂತ ಜಾಗದಿಂದ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋದರೆ ಒಂದು ಕಡೆ ಸ್ಪೀಕರ್ ಕಾಣುತ್ತದಲ್ಲ, ಅಲ್ಲಿಂದಲೇ ಶಬ್ದ ಪುಟಿದು ಕಿವಿಗೆ ಬರುವುದು. ಆ ಜಾಗಕ್ಕೆ, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು, ಕೌದಿ ತೂಗುಹಾಕಿದೆ. ಹಿಂದೆ ಗಾಳಿ ಇದ್ದರೆ ಇನ್ನೂ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಗಾಯಕರು ಎರಡು ಪೆಟ್ಟಿಗೆಗಳ ನಡುವೆ ಬಂದು ಕೂತದ್ದು ಅವತ್ತೇ. ಇದಕ್ಕೆಂದೇ ಮಾರುವ ಪ್ಯಾನೆಲ್ಲುಗಳ ಬೆಲೆ ವಿಚಾರಿಸಿದ್ದೆ. ಬೇಡ ಬಿಡಿ.

ಆಂಪ್ಲಿಫಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದು ರೆಗಾ ಬ್ರಿಯೊ, 8 ಓಮ್‌ಗೆ 50 ವಾಟ್. ಈ ಸ್ಪೀಕರ್ 6 ಓಮ್, ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಅನ್ನುವ ಸೂಕ್ಷ್ಮತೆ 86 ಡೆಸಿಬೆಲ್. ನಮ್ಮ ಹಾಲ್‌ಗೆ ಧಾರಾಳ ಸಾಕು. ಕೇವಲ 3 ಡೆಸಿಬೆಲ್ ಏರಿಸಲು ವಾಟ್ ದುಪ್ಪಟ್ಟಾಗಬೇಕು, ಹಾಗಾಗಿ 50ರ ಬದಲು 70 ಅಂತ ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಕೇಬಲ್ಲಂತೂ ದೊಡ್ಡ ಕಥೆ. ನಾನು ಕೊಂಡ ಅಂಗಡಿಯ ಹೆಸರು ಬೇಡ. ಸ್ಪೀಕರ್ ಮಾರಿದವರು ಅದರ ಬೆಲೆಯ ಕಾಲುಭಾಗದ ಕೇಬಲ್ ತೋರಿಸಿ, ಇದಿಲ್ಲದಿದ್ದರೆ ಸ್ಪೀಕರ್ ತಂದೂ ವ್ಯರ್ಥ ಅಂದರು. ಬೇಡ ಅಂದಮೇಲೆ ಮಾತಿನ ಬಿಸಿ ಇಳಿಯಿತು, ಸ್ಟ್ಯಾಂಡ್ ಬರುವುದೂ ತಡವಾಯಿತು. ಕೊನೆಗೆ ಸ್ಟ್ಯಾಂಡಿನ ಆರ್ಡರ್ ರದ್ದು ಮಾಡಿ, ಮುಂಗಡ ವಾಪಸ್ ಪಡೆಯಲು ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಬಿಲ್ ಮತ್ತು ವಾರಂಟಿ ಕಾರ್ಡ್ ಕೈಗೆ ಬರುವ ಮುಂಚೆ ಪೂರ್ತಿ ಹಣ ಕೊಡಬೇಡಿ, ಎಂಥ ದೊಡ್ಡ ಅಂಗಡಿಯಾದರೂ. ಮನೆಯಲ್ಲಿ ಈಗ ಇರುವುದು ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿ.ಮೀ. ತಾಮ್ರದ ತಂತಿ. ಐದು ಮೀಟರ್ ಹೋಗಿ ಬರುವುದಕ್ಕೆ ಅದರ ತಡೆ ಸುಮಾರು 0.07 ಓಮ್. ಆರು ಓಮಿನ ಎದುರು ಇದು ಏನೂ ಅಲ್ಲ. ಸ್ಟ್ಯಾಂಡನ್ನು ನಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನಿಂದ ಮಾಡಿಸಿದೆ, 19 ಇಂಚು ಎತ್ತರ. ಸೋಫಾದಲ್ಲಿ ಕೂತರೆ ಮೇಲಿನ ಸ್ವರ ನುಡಿಸುವ ಟ್ವೀಟರ್ ಸರಿಯಾಗಿ ಕಿವಿಯ ಮಟ್ಟಕ್ಕೆ ಬರುತ್ತದೆ. ಈ ಎತ್ತರದಲ್ಲಿ ಮಾತ್ರ ರಾಜಿ ಬೇಡ. ಎದ್ದು ನಿಂತು ಕೇಳಿದರೆ ದನಿಯ ಮುಖವೇ ಬೇರೆ.

ಕರೆಂಟಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮನೆಯಲ್ಲಿ ಹಳೆ ಮಾದರಿಯ ಇನ್ವರ್ಟರ್ ಇದ್ದರೆ, ಅದು ಕೊಡುವುದು ಶುದ್ಧ ಸೈನ್ ಅಲೆಯಲ್ಲ. ಕರೆಂಟ್ ಹೋದ ತಕ್ಷಣ ಆಂಪ್ಲಿಫಯರಿನ ಟ್ರಾನ್ಸ್‌ಫಾರ್ಮರ್ 'ಜೂಂ' ಅನ್ನಲು ಶುರು ಮಾಡುತ್ತದೆ. ಸ್ಪೀಕರ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಆ ಹೊತ್ತಿಗೆ ಆಫ್ ಮಾಡಿ, ಅಷ್ಟೆ. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ.

ನಿರ್ವಹಣೆ ಅಂತ ದೊಡ್ಡದೇನಿಲ್ಲ. ಮರದ ಹೊದಿಕೆಗೆ ಒಣಬಟ್ಟೆ ಸಾಕು. ಮುಂದಿನ ಕಪ್ಪು ಬಟ್ಟೆಯ ಗ್ರಿಲ್ ತೆಗೆದು ಶೋಕಿ ಮಾಡುವ ಅಭ್ಯಾಸ ಹಲವರಿಗಿದೆ. ಹಾರ್ಬೆತ್ತಿನಲ್ಲಿ ಅದು ಬೇಡ. ಇದರ ನಾದವನ್ನು ಗ್ರಿಲ್ ಹಾಕಿಯೇ ಹದ ಮಾಡಿರುತ್ತಾರೆ, ಅದು ಸಂದಿನೊಳಗೆ ಬಿಗಿಯಾಗಿ ಕೂತಿರುವುದರಿಂದ ಸುಮ್ನೆ ತೆಗೆಯಲೂ ಬರುವುದಿಲ್ಲ. ಗಾಳಿಯ ಕಿಂಡಿಯೂ ಮುಂದೆಯೇ, ಗ್ರಿಲ್ಲಿನ ಹಿಂದೆ ಇದೆ. ಹಾಗಾಗಿ ಹಲ್ಲಿ ಒಳಗೆ ಹೋಗಿ ಸಂಸಾರ ಹೂಡುವ ಭಯವಿಲ್ಲ. ಹಿಂದೆ ಕಿಂಡಿ ಇರುವ ಸ್ಪೀಕರ್ ಇಟ್ಟುಕೊಂಡವರನ್ನು ಕೇಳಿ ನೋಡಿ, ಹೇಳುತ್ತಾರೆ.

ಇನ್ನೊಂದು. ಹೊಸ ಸ್ಪೀಕರ್ ಇಷ್ಟು ನೂರು ಗಂಟೆ ಓಡಿದ ಮೇಲೆ ಪಳಗುತ್ತದೆ ಅನ್ನುತ್ತಾರೆ. ನನಗೇನೋ ಪಳಗಿದ್ದು ನನ್ನ ಕಿವಿಯೇ ಅನ್ನಿಸುತ್ತದೆ. ಅಂಗಡಿಯಲ್ಲಿ ಇಷ್ಟವಾಗದ್ದನ್ನು ಮುಂದೆ ಸರಿಹೋದೀತು ಅಂತ ತರಬೇಡಿ.

ಬೆಲೆಗೆ ತಕ್ಕುದೇ ಅಂತ ಗೆಳೆಯರು ಕೇಳುತ್ತಾರೆ. ಸ್ಟ್ಯಾಂಡ್, ಆಂಪ್ಲಿಫಯರ್ ಎಲ್ಲಾ ಸೇರಿ ಒಂದು ಸಣ್ಣ ಕಾರಿನ ದುಡ್ಡು ಹೋಗಿದೆ. ನಾನು ದಿನಾ ಎರಡು ಹೊತ್ತು ಸಂಗೀತ ಕೇಳುತ್ತೇನೆ, ಅದರಲ್ಲಿ ಮುಕ್ಕಾಲು ಪಾಲು ಕಂಠ. ನನಗೆ ಹೌದು. ವಾರಕ್ಕೊಮ್ಮೆ ಕೇಳುವವರಿಗೆ ಖಂಡಿತ ಅಲ್ಲ. ಅವರು ಇದೇ ಬಗೆಯ ಇನ್ನೂ ಚಿಕ್ಕ ಸ್ಪೀಕರ್ ತಂದು, ಉಳಿದ ದುಡ್ಡಿನಲ್ಲಿ ಚೌಡಯ್ಯ ಹಾಲ್‌ನಿಂದ ಹಿಡಿದು ಕೋಟೆ ಹೈಸ್ಕೂಲಿನ ರಾಮನವಮಿ ಸಂಗೀತೋತ್ಸವದವರೆಗೆ ವರ್ಷವಿಡೀ ಟಿಕೆಟ್ ಕೊಳ್ಳಬಹುದು.

ಕೊಂಡೇ ಕೊಳ್ಳುತ್ತೀರಿ ಅಂತಾದರೆ, ಬಂದ ರಟ್ಟಿನ ಪೆಟ್ಟಿಗೆ ಮತ್ತು ಒಳಗಿನ ಥರ್ಮೋಕೋಲ್ ಎಸೆಯಬೇಡಿ. ಮನೆ ಬದಲಿಸುವಾಗ ಪ್ಯಾಕರ್ಸ್‌ನವರ ಕೈಗೆ ತೆಳು ಹಲಗೆಯ ಪೆಟ್ಟಿಗೆ ಬರಿದೇ ಕೊಡಲು ಧೈರ್ಯ ಬರುವುದಿಲ್ಲ. ಮುಂದೆ ಮಾರಬೇಕಾದರೂ ಡಬ್ಬ ಇದ್ದರೆ ಬೆಲೆ ಚೆನ್ನಾಗಿ ಸಿಗುತ್ತದೆ. ನಮ್ಮದು ಅಟ್ಟದಲ್ಲಿ, ಕೌದಿ ಇದ್ದ ಜಾಗದಲ್ಲಿ ಇದೆ.