ಎಬಿಎಸ್ ಕಾರಿನ ಬ್ರೇಕ್ ಬ್ಲೀಡಿಂಗ್: ‘ಸಪೋರ್ಟ್ ಇದೆ’ ಎಂಬ ಮಾತು ನಂಬಿ ನಿಪ್ಪಲ್ ಸಡಿಲಿಸಬೇಡಿ

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಮನೆಯಲ್ಲೇ ಬ್ರೇಕ್ ಆಯಿಲ್ ಬದಲಿಸಲು ಹೊರಟವರು ದಯವಿಟ್ಟು ಇದನ್ನು ಓದಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ‘ಎಬಿಎಸ್ ಸಪೋರ್ಟ್ ಇದೆ’ ಎಂಬ ಮಾರಾಟಗಾರರ ಮಾತು ನಂಬಿ ಒಂದು ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ತಪಾಸಣಾ ಸಾಧನ) ಕೊಂಡು ಮೋಸ ಹೋದೆ; ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅದೇ ಮಾತು ಹೇಳಿ ಅದೇ ಸ್ಕ್ಯಾನರನ್ನು ಇವತ್ತಿಗೂ ಮಾರುತ್ತಿದ್ದಾರೆ.

ಹಳೆಯ ಕಾರಿನಲ್ಲಿ ಬ್ಲೀಡಿಂಗ್, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರತೆಗೆಯುವ ಕೆಲಸ, ಎಷ್ಟೋ ಸಲ ಮಾಡಿದ್ದೇನೆ. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ ಬಿಗಿಯುವುದು, ಆಮೇಲೆ ‘ಬಿಡು’ ಎನ್ನುವುದು. ಎಬಿಎಸ್ ಇದ್ದರೆ ಕಥೆಯೇ ಬೇರೆ. ಅದರ ಮಾಡ್ಯುಲೇಟರ್ (ಚಕ್ರಗಳಿಗೆ ಹೋಗುವ ಆಯಿಲಿನ ಒತ್ತಡ ನಿಯಂತ್ರಿಸುವ ಘಟಕ) ಒಳಗೆ ಗಾಳಿ ಸೇರಿತೆಂದರೆ ಪೆಡಲ್ ಎಷ್ಟು ತುಳಿದರೂ ಆ ಗಾಳಿ ಪೂರ್ತಿ ಹೊರಬರುವುದಿಲ್ಲ; ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ಒಳಗಿನ ಪಂಪು, ವಾಲ್ವುಗಳನ್ನು ಓಡಿಸಬೇಕು. ಇದು ಗೊತ್ತಿದ್ದೇ ಸ್ಕ್ಯಾನರ್ ಕೊಂಡೆ. ಕೊಳ್ಳುವ ಮೊದಲು ಕೇಳಿಯೂ ಕೇಳಿದೆ: ‘ಎಬಿಎಸ್ ಬ್ರೇಕಿನ ಕೆಲಸಕ್ಕೆ ಇದು ಆಗುತ್ತದೆಯೇ?’ ಉತ್ತರ: ‘ಆಗುತ್ತದೆ ಸರ್, ಎಬಿಎಸ್ ಪೂರ್ತಿ ಸಪೋರ್ಟ್ ಇದೆ.’

ಮೂರು ಚಕ್ರ ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ಪಾರದರ್ಶಕ ಕೊಳವೆಯನ್ನೇ ನೋಡುತ್ತಾ ಕುಳಿತಿದ್ದೆ. ಕಂದು ಬಣ್ಣ ಹೋಗಿ ತಿಳಿ ಹಳದಿ ಬಂತು. ಆಮೇಲೆ ಒಂದು ಗುಳ್ಳೆ. ಅದರ ಹಿಂದೆ ಸಾಲು ಸಾಲು ಗುಳ್ಳೆ. ಓಡಿಹೋಗಿ ನೋಡಿದರೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಬರಿದಾಗಿ ಗಾಳಿ ಒಳಗೆ ಸೇರಿತ್ತು. ಆ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ಸ್ಕ್ಯಾನರ್ ಇದೆಯಲ್ಲ ಎಂಬ ಧೈರ್ಯವಿತ್ತು. ಜೋಡಿಸಿ ಎಬಿಎಸ್ ಮೆನು ತೆರೆದೆ. ‘ಕೋಡ್ ಓದಿ’, ‘ಕೋಡ್ ಅಳಿಸಿ’. ದೋಷದ ಸಂಕೇತ ನೋಡಲು, ಅಳಿಸಲು ಎರಡೇ ಸಾಲು; ಪಂಪು ಓಡಿಸುವ ಆಯ್ಕೆಯೇ ಇಲ್ಲ! ಹಿಂದೆ ಹೋಗಿ ಮತ್ತೆ ತೆರೆದೆ, ಮತ್ತೆ ತೆರೆದೆ. ಎರಡೇ ಸಾಲು. ಡಬ್ಬಿ ತುಂಬಿಸಿ ನಾಲ್ಕೂ ಚಕ್ರಗಳಲ್ಲಿ ಇನ್ನೊಮ್ಮೆ ಗಾಳಿ ತೆಗೆದರೂ ಪೆಡಲ್ ಮೆತ್ತಗೆ ನೆಲದವರೆಗೆ ಇಳಿಯುತ್ತಿತ್ತು. ಮೋಸ ಹೋದೆ ಎಂದು ಗೊತ್ತಾದದ್ದು ಆಗ.

ಸ್ಕ್ಯಾನರ್ ಮಾರಿದವರನ್ನು ವಿಚಾರಿಸಿದಾಗ ಬಂದ ಉತ್ತರಗಳನ್ನು ಕೇಳಿ. ‘ಸಪೋರ್ಟ್ ಎಂದರೆ ಕೋಡ್ ಓದುತ್ತದೆ ಎಂದರ್ಥ ಸರ್.’ ‘ಬ್ಲೀಡಿಂಗ್ ಆಗುತ್ತದೆ ಎಂದು ನಾವು ಎಲ್ಲೂ ಬರೆದಿಲ್ಲವಲ್ಲ.’ ‘ಬಳಸಿದ ವಸ್ತು ವಾಪಸ್ ಪಡೆಯುವುದಿಲ್ಲ.’ ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆ. ಕೊನೆಗೆ ಬಂದ ಸಲಹೆ ಇದು: ‘ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ ಜೋರಾಗಿ ಬ್ರೇಕ್ ಹಾಕಿ ಸರ್, ಎಬಿಎಸ್ ಓಡಿದರೆ ಗಾಳಿ ತಾನಾಗಿ ಹೋಗುತ್ತದೆ.’ ಪೆಡಲ್ ನೆಲಕ್ಕೆ ತಾಗುತ್ತಿದೆ ಎಂದು ಆಗಲೇ ಎರಡು ಸಲ ತಿಳಿಸಿದ್ದೆ. ಬ್ರೇಕೇ ಇಲ್ಲದ ಕಾರನ್ನು ವೇಗವಾಗಿ ಓಡಿಸು ಎನ್ನುತ್ತಾರಲ್ಲ, ಇವರಿಗೆ ಏನೆನ್ನಬೇಕು? ತಮ್ಮ ಮಾತು ಕೇಳಿ ಯಾರಾದರೂ ಸತ್ತರೆ ಎಂಬ ಅಂಜಿಕೆ ಬೇಡವೇ?

ಕಾರನ್ನು ಓಡಿಸಲಿಲ್ಲ, ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಸರಿಯಾದ ಸ್ಕ್ಯಾನರ್ ಹಾಕಿದೊಡನೆ ಪಂಪು ಗರಗರ ಎಂದಿತು, ಗುಳ್ಳೆಗಳು ಹೊರಬಂದವು, ಪೆಡಲ್ ಗಟ್ಟಿಯಾಯಿತು.

ಕೊಳ್ಳುವವರು ‘ಸಪೋರ್ಟ್’ ಎಂಬ ಪದವನ್ನು ಒಪ್ಪಬೇಡಿ. ನಿಮ್ಮ ಕಾರಿನ ಮಾದರಿ, ವರ್ಷ ಹೇಳಿ ‘ಎಬಿಎಸ್ ಬ್ಲೀಡಿಂಗ್ ಆಗುತ್ತದೆ’ ಎಂದು ಬರವಣಿಗೆಯಲ್ಲಿ ಪಡೆಯಿರಿ. ಮೊದಲು ಜೋಡಿಸಿ ಆ ಮೆನು ಕಣ್ಣಾರೆ ನೋಡಿ, ಆಮೇಲೆ ನಿಪ್ಪಲ್ ಮುಟ್ಟಿ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಲು ಬಿಡಬೇಡಿ. ಸೀಲ್ ಒಡೆದು ಬಹಳ ದಿನವಾದ ಆಯಿಲ್ ಬೇಡವೇ ಬೇಡ, ಅದು ಗಾಳಿಯ ತೇವ ಹೀರಿರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕೇಳುವ ಕಾರಿಗೆ ಸಿಲಿಕೋನಿನ ಡಾಟ್ 5 ಹಾಕಲೇಬೇಡಿ. ಪೆಡಲ್ ಮೆತ್ತಗಿದ್ದರೆ, ಯಾರು ಏನೇ ಹೇಳಲಿ, ಕಾರು ನಿಂತಲ್ಲೇ ನಿಲ್ಲಲಿ.