ಚಳ್ಳಕೆರೆಯ ಕಡಲೆಕಾಯಿ ಎಣ್ಣೆ, ಪುತ್ತೂರಿನ ತೆಂಗಿನೆಣ್ಣೆ, ಅಂಗಡಿಯ ಸೂರ್ಯಕಾಂತಿ: ಒಂಬತ್ತು ತಿಂಗಳು ಅಡುಗೆ ಮಾಡಿ ನೋಡಿದ್ದು

ನನ್ನ ತವರು ಚಳ್ಳಕೆರೆ. ಊರ ತುಂಬಾ ಎಣ್ಣೆ ಮಿಲ್‌ಗಳು. ಕಡಲೆಕಾಯಿ ಎಣ್ಣೆ ಬಿಟ್ಟರೆ ಬೇರೆ ಎಣ್ಣೆ ಅಡುಗೆಗೆ ಬರುತ್ತದೆ ಅಂತಲೇ ಚಿಕ್ಕಂದಿನಲ್ಲಿ ಗೊತ್ತಿರಲಿಲ್ಲ. ಮದುವೆಯಾಗಿದ್ದು ಪುತ್ತೂರಿನ ಕಡೆಯವರನ್ನು. ಅಲ್ಲಿ ಒಗ್ಗರಣೆಯಿಂದ ಹಪ್ಪಳದವರೆಗೆ ಎಲ್ಲಕ್ಕೂ ತೆಂಗಿನೆಣ್ಣೆ. ಬೆಂಗಳೂರಿಗೆ ಬಂದ ಮೇಲೆ ಎರಡೂ ಬಿಟ್ಟು ರಿಫೈನ್ಡ್ ಸೂರ್ಯಕಾಂತಿ ಎಣ್ಣೆಗೆ ಇಳಿದೆವು. ತಿಂಗಳಿಗೆ 5 ಲೀಟರಿನ ಒಂದು ಕ್ಯಾನ್, ನಾಲ್ಕು ಜನಕ್ಕೆ.

ಕಳೆದ ವರ್ಷ ನಮ್ಮ ಮನೆಯವರ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 152 ಬಂತು. ಡಾಕ್ಟರ್ ಮೊದಲು ಕೇಳಿದ್ದು ಯಾವ ಎಣ್ಣೆ ಅಂತಲ್ಲ, ತಿಂಗಳಿಗೆ ಎಷ್ಟು ಲೀಟರ್ ಅಂತ. ಮನೆಗೆ ಬಂದು ಲೆಕ್ಕ ಹಾಕಿದೆ. ತಲೆಗೆ ದಿನಕ್ಕೆ ಹತ್ತಿರ ಹತ್ತಿರ 38 ಗ್ರಾಂ. ಕೂತು ಕೆಲಸ ಮಾಡುವವರಿಗೆ ತುಪ್ಪ, ಬೆಣ್ಣೆ ಎಲ್ಲ ಸೇರಿ 20ರಿಂದ 30 ಗ್ರಾಂ ಸಾಕು. ಅವತ್ತೇ ತೀರ್ಮಾನ ಮಾಡಿದೆ: ಮೂರು ಎಣ್ಣೆ, ಮೂರು ಮೂರು ತಿಂಗಳು, ದಿನಾ ಅಳೆದು ಹಾಕುವುದು.

ಮೊದಲು ಸೂರ್ಯಕಾಂತಿ. ಇದರಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯ ಕೊಬ್ಬು, ನೂರಕ್ಕೆ 11 ಭಾಗದಷ್ಟು ಮಾತ್ರ. ಸುಮಾರು ಮೂರರಲ್ಲಿ ಎರಡು ಪಾಲು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6 ಅನ್ನುವ ಬಗೆಯ ಕೊಬ್ಬು. ಈ ಒಮೆಗಾ-6 ಮೈಯಲ್ಲಿ ಉರಿಯೂತ ತರುತ್ತದೆ ಅಂತ ಮೊಬೈಲಿನಲ್ಲಿ ದಿನಾ ಒಂದು ವಿಡಿಯೋ ಬರುತ್ತದೆ. ಆದರೆ ಜನರಿಗೇ ತಿನ್ನಿಸಿ ರಕ್ತ ನೋಡಿದ ಪ್ರಯೋಗಗಳಲ್ಲಿ ಹಾಗೆ ಕಂಡಿಲ್ಲ. ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಇದು ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಅದಕ್ಕೇ ಆ ಭಯ ನಾನು ಬಿಟ್ಟುಬಿಟ್ಟೆ. ನನಗೆ ಸಿಕ್ಕ ತೊಂದರೆ ಬೇರೆ. ಈ ಎಣ್ಣೆಗೆ ರುಚಿ ಇಲ್ಲ, ವಾಸನೆ ಇಲ್ಲ. ಎಷ್ಟು ಹಾಕಿದೆ ಅಂತ ಕೈಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಅಳೆದು ಹಾಕಿದರೂ ತಿಂಗಳಿಗೆ ಮೂರೂವರೆ ಲೀಟರ್ ಹೋಯಿತು. ಇನ್ನೊಂದು, ಪದೇ ಪದೇ ಕಾಯಿಸಿದರೆ ಬೇಗ ಕೆಡುವ ಎಣ್ಣೆ ಇದು. ಬಜ್ಜಿ ಕರಿದ ಎಣ್ಣೆಯನ್ನೇ ವಾರವಿಡೀ ಬಳಸುವ ನಮ್ಮ ಅಭ್ಯಾಸಕ್ಕೆ ಇದು ಸ್ವಲ್ಪವೂ ಹೊಂದುವುದಿಲ್ಲ. ಮೂರು ತಿಂಗಳ ಕೊನೆಗೆ ಎಲ್‌ಡಿಎಲ್ 141.

ಆಮೇಲೆ ತೆಂಗಿನೆಣ್ಣೆ. ಅತ್ತೆಗೆ ಖುಷಿಯೋ ಖುಷಿ. "ನಮ್ಮ ಹಿರಿಯರೆಲ್ಲ ಇದನ್ನೇ ತಿಂದು ತೊಂಬತ್ತು ವರ್ಷ ಬದುಕ್ಲಿಲ್ವಾ ಮಾರಾಯ್ತಿ" ಅಂದರು. ಮಾತು ಸುಳ್ಳಲ್ಲ. ಆದರೆ ಆ ಹಿರಿಯರು ಬೆಳಗ್ಗೆಯಿಂದ ತೋಟದಲ್ಲಿ ದುಡಿದವರು. ಕುಚ್ಚಲಕ್ಕಿ ಗಂಜಿ, ಮೀನು, ಸೊಪ್ಪು ಉಂಡವರು. ಬೇಕರಿ ಪಫ್ಸು, ಪ್ಯಾಕೆಟ್ ಚಿಪ್ಸು ಅವರಿಗೆ ಇರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಬಾಟಲಿ ಬಗ್ಗಿಸಿದರೆ ಹನಿ ಬೀಳಲಿಲ್ಲ. ಒಳಗೆ ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕೆರೆದು ತೆಗೆದೆ. 24 ಡಿಗ್ರಿಗಿಂತ ತಣ್ಣಗಾದರೆ ಇದು ಹೆಪ್ಪುಗಟ್ಟುತ್ತದೆ. ಇದರಲ್ಲಿ ನೂರಕ್ಕೆ 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಗಟ್ಟಿಯಾಗಲು ಅದೇ ಕಾರಣ. ಅದೇ ಗುಣದಿಂದ ಬೇಗ ಕೆಡುವುದೂ ಇಲ್ಲ. ಬಾಳೆಕಾಯಿ ಚಿಪ್ಸು ಕರಿಯಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಹೃದಯದ ಮಾತಿಗೆ ಬಂದರೆ ಲೆಕ್ಕ ಬೇರೆ. 16 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2020ರ ಒಂದು ಅಧ್ಯಯನದಲ್ಲಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಅಂಕ ಏರಿಸಿದ್ದು ಕಂಡಿತು. ಒಳ್ಳೆಯ ಕೊಲೆಸ್ಟ್ರಾಲ್ ಕೂಡ ಸ್ವಲ್ಪ ಏರುತ್ತದೆ, ಆದರೆ ಅದು ಈ ಏರಿಕೆಯನ್ನು ಸರಿದೂಗಿಸುತ್ತದೆ ಅನ್ನಲು ಆಧಾರವಿಲ್ಲ. ನಮ್ಮ ಮನೆಯಲ್ಲಿ ಮೂರು ತಿಂಗಳಿಗೆ 158. ಒಬ್ಬರ ರಕ್ತದ ಒಂದು ಅಂಕಿ ಇದು, ನಿಜ. ನಮ್ಮ ಮನೆಯವರು ಆಗಲೇ ವಾಕಿಂಗ್ ಶುರು ಮಾಡಿದ್ದರು, ಅದರ ನಡುವೆಯೂ ಏರಿತಲ್ಲ ಅಂತ ನನಗೆ ಬೇಜಾರಾಯಿತು. ಅತ್ತೆ ಎರಡು ದಿನ ಮಾತಾಡಲಿಲ್ಲ.

ಕೊನೆಗೆ ಕಡಲೆಕಾಯಿ ಎಣ್ಣೆ, ಮರದ ಗಾಣದ್ದು. ಇಲ್ಲಿ ಮೊದಲ ತಿಂಗಳು ಮೋಸ ಹೋದೆ. ಮನೆ ಹತ್ತಿರದ ಒಂದು ಗಾಣದಿಂದ ತಂದಿದ್ದು ಮೂರೇ ವಾರಕ್ಕೆ ಕಮಟು ಹಿಡಿಯಿತು. ಒಲೆ ಪಕ್ಕ ಬಿಳಿ ಬಾಟಲಿಯಲ್ಲಿ ಇಟ್ಟಿದ್ದು ನನ್ನದೂ ತಪ್ಪು, ಬೆಳಕು ಶಾಖ ಎರಡೂ ಇದಕ್ಕೆ ಆಗಿಬರುವುದಿಲ್ಲ. ಆದರೆ ಹೋಗಿ ಮೂಟೆ ಬಿಚ್ಚಿಸಿ ನೋಡಿದರೆ ಬೀಜದಲ್ಲೇ ಕಪ್ಪಗಾದ, ಮುರುಟಿದ ಕಾಳುಗಳಿದ್ದವು. ಬೂಸ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಬಹುತೇಕ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಹಾಗಾಗಿ ಗಾಣದ್ದು ಅಂದ ಮಾತ್ರಕ್ಕೆ ಶುದ್ಧ ಅಂತ ನಂಬಬೇಡಿ. ಬೀಜ ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ.

ಎರಡನೇ ಸಲ ಚಳ್ಳಕೆರೆಯಿಂದ ತಮ್ಮನೇ ಬೀಜ ಆರಿಸಿ, ಗಾಣಕ್ಕೆ ಹಾಕಿಸಿ ಕಳಿಸಿದ. ಒಂದು ಲೀಟರಿಗೆ ಎರಡೂವರೆ ಕೆಜಿ ಬೀಜ ಬೇಕಾಯಿತು, ಬೆಲೆ ಯಾಕೆ ಜಾಸ್ತಿ ಅಂತ ಆಗ ಅರ್ಥವಾಯಿತು. ಸಾಸಿವೆ ಸಿಡಿದ ಕೂಡಲೇ ಮನೆಯೆಲ್ಲ ಹುರಿದ ಕಡಲೆಬೀಜದ ಘಮ. ಒಂದು ಚಮಚ ಹಾಕಿದರೆ ಪಲ್ಯಕ್ಕೆ ಅದೇ ಸಾಕು. ತಿಂಗಳಿಗೆ ಎರಡೂಕಾಲು ಲೀಟರಿಗೆ ಇಳಿದೆವು, ಯಾರೂ ಸಪ್ಪೆ ಅನ್ನಲಿಲ್ಲ. ಸ್ಯಾಚುರೇಟೆಡ್ ಕೊಬ್ಬು ಐದರಲ್ಲಿ ಒಂದು ಪಾಲು, ಹತ್ತಿರ ಹತ್ತಿರ ಅರ್ಧ ಪಾಲು ಒಲೀಕ್ ಆಮ್ಲ, ಆಲಿವ್ ಎಣ್ಣೆಯಲ್ಲಿರುವಂಥದೇ ಕೊಬ್ಬು. ಎಲ್‌ಡಿಎಲ್ 134ಕ್ಕೆ ಬಂತು. ಎಣ್ಣೆಯ ಗುಣವೋ, ಕಡಿಮೆ ಹಾಕಿದ್ದೋ, ನಡಿಗೆಯೋ? ನನ್ನ ಪ್ರಕಾರ ಹೆಚ್ಚು ಪಾಲು ಕಡಿಮೆ ಹಾಕಿದ್ದರದು. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿಯೇ.

ಕರಿಯಲು ಮಾತ್ರ ಗಾಣದ್ದು ಬೇಡ. ಪೂರಿ ಬಿಟ್ಟಾಗ ನೊರೆ ಉಕ್ಕಿ ಬಾಣಲೆ ಅಂಚಿಗೆ ಬಂತು, ಬೇಗ ಹೊಗೆಯೂ ಆಡಿತು. ಅದಕ್ಕೆ ರಿಫೈನ್ಡ್ ಕಡಲೆಕಾಯಿ ಎಣ್ಣೆ ಮೇಲು.

ಅಕ್ಕಿ ತೌಡಿನ ಎಣ್ಣೆ ಒಂದು ತಿಂಗಳು ನೋಡಿದೆ. ಕೊಬ್ಬಿನ ಹಂಚಿಕೆ ಕಡಲೆಕಾಯಿಯ ಹಾಗೇ, ಕೊಲೆಸ್ಟ್ರಾಲಿಗೂ ಒಳ್ಳೆಯದು, ರುಚಿ ನಮಗೆ ಹಿಡಿಸಲಿಲ್ಲ, ಅಷ್ಟೇ. ಪಾಮ್ ಎಣ್ಣೆ ಮನೆಗೆ ತರಲೇ ಇಲ್ಲ. ತರುವ ಅಗತ್ಯವೂ ಇಲ್ಲ. ಬಿಸ್ಕತ್ತು, ಚಿಪ್ಸು, ಬೇಕರಿ ತಿಂಡಿಯ ಪ್ಯಾಕೆಟ್ ತಿರುಗಿಸಿ ನೋಡಿ, ಪಾಮೋಲಿನ್ ಅಂತ ಬರೆದಿರುತ್ತದೆ. ಅದೂ ಪಾಮ್ ಎಣ್ಣೆಯೇ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್. ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಈಗ ಅಡುಗೆಮನೆಯಲ್ಲಿ ದಿನದ ಅಡುಗೆಗೆ ಗಾಣದ ಕಡಲೆಕಾಯಿ ಎಣ್ಣೆ, ಸ್ಟೀಲ್ ಡಬ್ಬಿಯಲ್ಲಿ, ಕತ್ತಲ ಮೂಲೆಯಲ್ಲಿ. ಒಂದು ತಿಂಗಳು ಬಿಟ್ಟು ಒಂದು ತಿಂಗಳು ಸೂರ್ಯಕಾಂತಿ. ತೆಂಗಿನೆಣ್ಣೆ ಕಾಲು ಲೀಟರ್ ಬಾಟಲಿ, ಅತ್ತೆಯ ಕೈಯಲ್ಲೇ. ಭಾನುವಾರದ ಮೀನು ಸಾರಿಗೆ ಕೊನೆಯಲ್ಲಿ ಒಂದು ಚಮಚ ಅವರೇ ಮೇಲಿಂದ ಹಾಕುತ್ತಾರೆ. ಕರಿದ ಎಣ್ಣೆ ಸೋಸಿ ಎರಡು ದಿನದೊಳಗೆ ಪಲ್ಯಕ್ಕೆ ಮುಗಿಸುತ್ತೇವೆ. ಮತ್ತೆ ಅದನ್ನು ಬಾಣಲೆಗೆ ಸುರಿಯುವುದಿಲ್ಲ.