ಎಣ್ಣೆಗಾಯಿ ಇಲ್ಲದ ರೊಟ್ಟಿ ಊಟ

ಹುಬ್ಬಳ್ಳಿ ಹಳೇ ಪೇಟೆಯ ಗಲ್ಲಿಯೊಂದರಲ್ಲಿರುವ ಜೈನ ಖಾನಾವಳಿ ಇದು. ಹೆಸರು ಹೇಳಲ್ಲ, ನನ್ನದೊಂದು ತಕರಾರಿದೆ.

ಮೊದಲ ಸಲ ಹೋದಾಗ ಸಂಜೆ ಏಳು ಗಂಟೆ, ಹೊಟ್ಟೆ ಚುರುಗುಟ್ಟುತ್ತಿತ್ತು, ಒಳಗೆ ನೋಡಿದರೆ ಬೆಂಚು ಎತ್ತಿಟ್ಟು ನೆಲ ಒರೆಸುತ್ತಿದ್ದರು. "ಹೊತ್ತು ಮುಳುಗಿದ ಮ್ಯಾಲೆ ಊಟ ಹಾಕಂಗಿಲ್ರೀ, ನಾಳೆ ಲಗೂ ಬರ್ರಿ" ಅಂದರು ಮಾಲೀಕರು. ಕತ್ತಲಲ್ಲಿ ಹುಳುಹುಪ್ಪಟೆ ಊಟಕ್ಕೆ ಬಿದ್ದು ಸಾಯಬಾರದು ಅಂತ ಜೈನರು ರಾತ್ರಿ ಊಟ ಬಿಡುತ್ತಾರೆ, ಅದು ಗೊತ್ತು. ಆದರೆ ಬೋರ್ಡಿನ ಮೇಲೆ ಟೈಮ್ ಬರೆಯೋಕೆ ಏನಾಗಿತ್ತು?

ಮರುದಿನ ಮಧ್ಯಾಹ್ನ ಹೋದೆ. ಬಿಸಿ ಜೋಳದ ರೊಟ್ಟಿ ಬಂತು, ಎಣ್ಣೆಗಾಯಿ ಬರಲಿಲ್ಲ. ಬದನೆಕಾಯಲ್ಲಿ ಬೀಜ ಜಾಸ್ತಿ ಅಂತ ಅದೂ ಬಂದ್. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ ಅಂತೂ ಇಲ್ಲವೇ ಇಲ್ಲ. ಗಡ್ಡೆ ಕಿತ್ತರೆ ಇಡೀ ಗಿಡವೇ ಹೋಗುತ್ತದೆ, ಮೇಲಾಗಿ ಒಂದೊಂದು ಗಡ್ಡೆಯಲ್ಲೂ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆ ಅನ್ನೋದು ಅವರ ನಂಬಿಕೆ. ಹಸಿ ಶುಂಠಿ ನಡೆಯಲ್ಲ, ಒಣಶುಂಠಿ ನಡೆಯುತ್ತದೆ. ಶೇಂಗಾನೂ ಮಣ್ಣಲ್ಲೇ ಬೆಳೆಯುತ್ತಲ್ವಾ ಅಂತ ಸುಮ್ನೆ ಕೆಣಕಿದೆ. "ಅದು ಗಡ್ಡಿ ಅಲ್ರೀ, ಕಾಳು" ಅಂದರು. ಪುಣ್ಯ, ಚಟ್ನಿಪುಡಿ ಉಳಿಯಿತು!

ಬಾಳೆಕಾಯಿ ಪಲ್ಯ ಮಾತ್ರ ಭರ್ಜರಿ. ಇಂಗು, ಜೀರಿಗೆ, ಹಸಿಮೆಣಸಿನಕಾಯಿ, ಮೇಲೆ ಒಂದಿಷ್ಟು ಕೊತ್ತಂಬರಿ, ಅಷ್ಟೇ. ಎರಡನೇ ರೊಟ್ಟಿ ಮುಗಿಯೋ ಹೊತ್ತಿಗೆ ಉಳ್ಳಾಗಡ್ಡಿ ನೆನಪೇ ಆಗಲಿಲ್ಲ. ಸಾರಿಗೆ ಮಾತ್ರ ಬೆಲ್ಲ ಸುರಿದಿದ್ದರು, ನಮ್ಮ ಕಡೆ ಬಾಯಿಗೆ ಹಿಡಿಸಲ್ಲ. ಹೆಸರುಕಾಳಿನ ಜೊತೆ ಮೊಸರು ಕೇಳಿದರೆ ಕೊಡಲಿಲ್ಲ. ಕಾಯಿಸದ ಮೊಸರೂ ಬೇಳೆಕಾಳೂ ಒಟ್ಟಿಗೆ ಸೇರಬಾರದಂತೆ.

ಪಕ್ಕದಲ್ಲಿ ಕೂತಿದ್ದ ಹಿರಿಯರು ಊಟ ಮುಗಿಸಿ ತಟ್ಟೆಗೆ ನೀರು ಹಾಕಿದರು. ಬೆರಳಿಂದ ಅಂಚಿನವರೆಗೂ ತಿಕ್ಕಿ, ಒಂದು ಅಗುಳೂ ಉಳಿಯದ ಹಾಗೆ ಮಾಡಿ, ಆ ನೀರನ್ನೇ ಕುಡಿದುಬಿಟ್ಟರು. ಎಂಜಲು ಉಳಿದರೆ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ಆಮೇಲೆ ತೊಳೆದರೆ ಅವು ಸಾಯುತ್ತವೆ, ಅದಕ್ಕೇ ಹೀಗೆ ಅಂದರು. ನಾನು ಹಾಗೆ ಮಾಡಲಿಲ್ಲ, ತಟ್ಟೆ ತುಂಬ ಬೆಲ್ಲದ ಸಾರೇ ಉಳಿದಿತ್ತು.

ಊಟಕ್ಕೆ 120 ರೂಪಾಯಿ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿದ ನೀರನ್ನೇ ಕೊಡುತ್ತಾರೆ. ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪಿನ ಪಲ್ಯ ಇರಲ್ಲ ಅಂತಲೂ ಹೇಳಿದರು. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತೆ, ಐದು ಗಂಟೆಗೇ ಹೋಗಿ ಕೂತ್ಕೊಳ್ಳಿ.